ಪದ್ಯದಷ್ಟು ಹೊತ್ತು

"ಮನಸ್ಸಲ್ಲಿ ಎಲ್ಲ ಇರ್ತದೆ ಮೇಡಂ, ಬಾಯಿಗೆ ಬರೋದಿಲ್ಲ." ಹೀಗೆ ಹೇಳಿಕೊಂಡು ನನ್ನ ಹತ್ತಿರ ಸಲಹೆಗೆ ಬರುವವರು ಜಾಸ್ತಿಯಾಗಿದ್ದಾರೆ. ಓದಿದವರು, ಕೆಲಸದಲ್ಲಿ ಚುರುಕಾದವರು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಶಿರಸಿ ಕಡೆಯ ಹಳ್ಳಿಯವಳು, ಕಾರವಾರದಲ್ಲಿ ನೌಕರಿ. ಮಧ್ಯಾಹ್ನ ಕಚೇರಿಯವರ ಹರಟೆ ಅರ್ಧ ಕನ್ನಡ, ಅರ್ಧ ಕೊಂಕಣಿ. ಈಕೆ ಬಾಯಿ ತೆರೆಯುವಷ್ಟರಲ್ಲಿ ವಿಷಯ ಮೀನಿನ ರೇಟಿನಿಂದ ಟ್ರಾನ್ಸ್‌ಫರಿಗೆ ಹೋಗಿರುತ್ತಿತ್ತು. ಜಂಬದವಳು ಅಂತ ಹೆಸರು ಬಿತ್ತು. ದಿನಕ್ಕಿಷ್ಟು ಅಂತ ಹೊಸ ಶಬ್ದ ಬಾಯಿಪಾಠ ಮಾಡಲು ಶುರು ಮಾಡಿದ್ದಳು.

ಅಪ್ಪ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು: ಭಾಗವತರು ಪದ್ಯ ಹಾಡಿದ ಮೇಲೆ ಪಾತ್ರವಾಗಿ ಮಾತಾಡುವವರು. ಮಗಳ ವಾಕ್ಯ ಅರ್ಧಕ್ಕೆ ನಿಂತರೆ ಉಳಿದರ್ಧ ಅವರೇ ಮುಗಿಸಿಬಿಡುತ್ತಿದ್ದರಂತೆ, ಪ್ರೀತಿಯಿಂದಲೇ. ಒಂದು ಭೇಟಿಯಲ್ಲಿ ನಾನು ಕೇಳಿದೆ: ಅಪ್ಪ ತಾಳಮದ್ದಳೆ ಕೂಟಕ್ಕೆ ಹೇಗೆ ತಯಾರಾಗ್ತಾರೆ? (ಕೂಟ ಕೇಳುವ ಚಟ ನನಗೂ ಇದೆ.)

"ಏನೂ ಬರೆದಿಟ್ಟುಕೊಳ್ಳೋದಿಲ್ಲ. ಪದ್ಯ ಗೊತ್ತಿರ್ತದೆ, ಎದುರಿನವರು ಏನಂತಾರೆ ಅಂತ ಗೊತ್ತಿರೋದಿಲ್ಲ. ಭೀಷ್ಮ ಏನೇ ಕೇಳಲಿ, ಕೃಷ್ಣ ಕೊನೆಗೆ ಎಲ್ಲಿಗೆ ಬಂದು ನಿಲ್ಲಬೇಕು ಅನ್ನೋದು ಮಾತ್ರ ಅಪ್ಪಂಗೆ ಪಕ್ಕಾ." ಹೀಗೇ ಸುಮಾರು ಹೊತ್ತು ಹೇಳುತ್ತ ಹೋದಳು. ಎಲ್ಲೂ ತಡವರಿಸಲಿಲ್ಲ.

"ಈಗ ಎಷ್ಟು ಚೆನ್ನಾಗಿ ಮಾತಾಡಿದ್ರಿ, ಅಲ್ವಾ?" ಅಂದೆ.

"ಅದು ನೀವು ಸುಮ್ನೆ ಕೂತಿದ್ದಕ್ಕೆ. ಅಪ್ಪಂಗೂ ಭಾಗವತರು ಪದ್ಯ ಹೇಳಿ ಮುಗಿಸುವಷ್ಟು ಹೊತ್ತು ಸಿಗ್ತದೆ. ಊಟಕ್ಕೆ ಕೂತಾಗ ನಂಗ್ಯಾರು ಪದ್ಯ ಹೇಳ್ತಾರೆ ಮೇಡಂ?"

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಒಂದು ಅಧ್ಯಯನ ಬಂತು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್. ಒಂದು ಚಿತ್ರ ನೋಡಿ ಅದರ ಹೆಸರು ಹೇಳುವುದಕ್ಕೇ ಸುಮಾರು 600 ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ನಮ್ಮ ಮಾತು ಹುಡುಕುತ್ತಿರುತ್ತೇವೆ. ಈಕೆ ಪೂರ್ತಿ ಕೇಳಿ, ಮನಸ್ಸಲ್ಲೇ ತಪ್ಪಿಲ್ಲದ ವಾಕ್ಯ ಕಟ್ಟಿ, ಆಮೇಲೆ ಬಾಯಿ ತೆರೆಯುವವಳು. ಅಷ್ಟರಲ್ಲಿ ಸರದಿ ಹೋಗಿರುತ್ತದೆ. ಶಬ್ದ ಕಡಿಮೆಯಾಗಿ ಆದದ್ದಲ್ಲ ಇದು.

ಹಾಗಾಗಿ ಶಬ್ದದ ಪಟ್ಟಿ ಬಿಡಿಸಿದೆ. "ನಮ್ಮನೇಲೂ ಹೀಗೇ ಆಗಿತ್ತು" ಅಂತ ಮೊದಲು ಸರದಿ ಹಿಡಿಯಿರಿ ಎಂದೆ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ ಸಾಕು, ನಡುವಿನ ವಾಕ್ಯ ಸೊಟ್ಟಗಾದರೂ ಆಗಲಿ. ಯಾರಾದರೂ ನಡುವೆ ಬಾಯಿ ಹಾಕಿದರೆ "ತಡೀರಿ, ಮುಗಿಸ್ತೇನೆ" ಅನ್ನಿ. ಮನೆಯಲ್ಲಿ ಒಂದೇ ಘಟನೆಯನ್ನು ಗೆಳತಿಗೆ 4 ನಿಮಿಷದಲ್ಲಿ, ಇನ್ನೊಬ್ಬರಿಗೆ 3ರಲ್ಲಿ, ಮತ್ತೊಬ್ಬರಿಗೆ 2ರಲ್ಲಿ ಹೇಳಿ. ಭಾಷೆ ಕಲಿಸುವವರು ಬಳಸುವ ಹಳೆಯ ಅಭ್ಯಾಸ ಇದು. ವಿಷಯ ಅದೇ ಆದ್ದರಿಂದ ಪ್ರತಿ ಸಲ ತಲೆಯ ಭಾರ ಇಳಿಯುತ್ತದೆ, ನಾಲಗೆ ಹಗುರಾಗುತ್ತದೆ.

ಭಾಷಣ ಕಲಿಸುವ ತರಗತಿಗೆ ಯಾಕೆ ಕಳಿಸಲಿಲ್ಲ ಅಂತ ಕೇಳಿದವರಿದ್ದಾರೆ. ಮೈಕಿನ ಮುಂದೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಅಲ್ಲಿ ಗೆದ್ದವರೂ ಚಹಾ ಅಂಗಡಿಯಲ್ಲಿ ಮೂಕರಾಗಿ ಕೂತದ್ದನ್ನು ನೋಡಿದ್ದೇನೆ. ಅಪ್ಪನನ್ನು ಕರೆಸಬೇಕಿತ್ತು ಅಂದವರೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಸ್ವಂತ ಸಂಬಳದಲ್ಲಿ ಬದುಕುವ ಮಗಳಿಗೆ, ಅಪ್ಪ ಮೊದಲು ಬದಲಾಗಲಿ ಅಂತ ಕಾಯುವ ಕೆಲಸ ನಾನ್ಯಾಕೆ ಹಚ್ಚಲಿ?

ಆಮೇಲೆ ಒಮ್ಮೆ ಬಂದಿದ್ದಳು. ಕೊಂಕಣಿಗೆ ಹೊರಳಿದ ಹರಟೆಯಲ್ಲಿ ಈಗಲೂ ಸುಮ್ಮನೇ ಇರುತ್ತಾಳಂತೆ, ಕನ್ನಡದಲ್ಲಿ ಸೇರಿಕೊಳ್ಳುತ್ತಾಳಂತೆ. ಅಷ್ಟು ಸಾಕು ಅಂದೆ.

ಶಬ್ದ ಗೊತ್ತಿದ್ದೂ ಮೊದಲ ಅಕ್ಷರದಲ್ಲೇ ಸಿಕ್ಕಿಬೀಳುವವರಿಗೆ, ಅದನ್ನೇ ಮತ್ತೆ ಮತ್ತೆ ಹೇಳುವಂತಾಗುವವರಿಗೆ ಈ ಸಲಹೆ ಅಲ್ಲ. ಅದು ಉಗ್ಗು ಇರಬಹುದು. ವಾಕ್ ಚಿಕಿತ್ಸಕರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ.