ಆಪ್ಟೊಮೆಟ್ರಿ ಎಂಟ್ರೆನ್ಸ್: ಫಿಸಿಕ್ಸ್ ಭಯ ಇದ್ರೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಮೇಡಂ, ನಾನು ಗೋಣಿಕೊಪ್ಪದಲ್ಲಿ ಸೆಕೆಂಡ್ ಪಿಯು ಪಿಸಿಎಂಬಿ ಓದ್ತಿದೀನಿ. ದೆಹಲಿ ಏಮ್ಸ್‌ನಲ್ಲಿ ಆಪ್ಟೊಮೆಟ್ರಿ, ಅಂದ್ರೆ ದೃಷ್ಟಿ ಪರೀಕ್ಷೆ ಮಾಡೋದನ್ನ ಕಲಿಸೋ ಡಿಗ್ರಿ ಮಾಡೋ ಆಸೆ ಇದೆ. ಮೈಸೂರಿಗೆ ಹೋಗಿ ಕೋಚಿಂಗ್ ಸೇರೋ ಅನುಕೂಲ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್ಟೂ ಇರಲ್ಲ. ಫಿಸಿಕ್ಸ್ ಅಂದ್ರೇನೇ ಭಯ. ಮನೇಲಿ ಬೇರೆ, ಕನ್ನಡಕದ ಅಂಗಡಿ ಇಡೋಕೆ ಡಿಗ್ರಿ ಯಾಕೆ ಅಂತಾರೆ. ಏನ್ಮಾಡ್ಲಿ?

ಉತ್ತರ: ಮೊದಲು ಮನೆಯವರ ಮಾತಿಗೆ ಉತ್ತರ ಕೊಡ್ತೀನಿ ತಂಗಿ. ಇದು ನಾಲ್ಕು ವರ್ಷದ ಕೋರ್ಸ್, ಅದ್ರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಆಪರೇಷನ್ ಮಾಡೋದು ಕಣ್ಣಿನ ಡಾಕ್ಟ್ರು, ನಿಜ, ಆದ್ರೆ ಪವರ್ ಚೆಕ್ ಮಾಡೋದು, ಕಾಂಟ್ಯಾಕ್ಟ್ ಲೆನ್ಸ್, ಮಕ್ಕಳ ಮೆಳ್ಳೆಗಣ್ಣು, ದೃಷ್ಟಿ ತುಂಬಾ ಕಮ್ಮಿ ಇರೋರಿಗೆ ಬೇಕಾದ ಸಾಧನ ಹೊಂದಿಸೋದು, ಇದೆಲ್ಲ ಆಪ್ಟೊಮೆಟ್ರಿಸ್ಟ್ ಕೆಲಸ. 2021ರಲ್ಲಿ ಬಂದ ಅಲೈಡ್ ಹೆಲ್ತ್ (ಡಾಕ್ಟ್ರು, ನರ್ಸ್ ಬಿಟ್ಟು ಉಳಿದ ಆರೋಗ್ಯ ವೃತ್ತಿಗಳ) ಕಾಯ್ದೆಯಲ್ಲಿ ಈ ವೃತ್ತಿಯೂ ಸೇರಿದೆ ಅಂತ ಅಪ್ಪ ಅಮ್ಮನಿಗೆ ಹೇಳು.

ಇನ್ನು ಪರೀಕ್ಷೆ. ಏಮ್ಸ್ ಪೇಪರ್‌ನಲ್ಲಿ 90 ಪ್ರಶ್ನೆ, 90 ನಿಮಿಷ. ಫಿಸಿಕ್ಸ್ 30, ಕೆಮಿಸ್ಟ್ರಿ 30, ಆಮೇಲೆ ಬಯಾಲಜಿ ಅಥವಾ ಮ್ಯಾಥ್ಸ್ 30. ಹಾಗಾಗಿ ಫಿಸಿಕ್ಸ್ ಬಿಟ್ಟು ಬಯಾಲಜೀಲಿ ಮೇಕಪ್ ಮಾಡ್ಕೊತೀನಿ ಅನ್ನೋ ಪ್ಲಾನ್ ದಯವಿಟ್ಟು ಬೇಡ, ಮೂರನೇ ಒಂದು ಭಾಗ ಹೋಗ್ಬಿಡುತ್ತೆ. ಅದೂ ಅಲ್ದೆ ಸೀಟ್ ಸಿಕ್ಕಿದ ಮೇಲೆ ನಾಲ್ಕು ವರ್ಷನೂ ನೀನು ಬಾಳ್ವೆ ಮಾಡ್ಬೇಕಾಗಿರೋದು ಆಪ್ಟಿಕ್ಸ್ (ಬೆಳಕು, ಲೆನ್ಸ್‌ಗಳ ಪಾಠ) ಜೊತೆಗೇ.

ಅದಕ್ಕೇ ಫಿಸಿಕ್ಸನ್ನ ರೇ ಆಪ್ಟಿಕ್ಸ್‌ನಿಂದಾನೇ ಶುರು ಮಾಡು. ಫಾರ್ಮುಲಾ ಬಾಯಿಪಾಠ ಮಾಡೋ ಮುಂಚೆ ಸ್ಕೇಲ್ ಹಿಡ್ಕೊಂಡು ರೇ ಡಯಾಗ್ರಾಂ ಬಿಡಿಸು, ವಸ್ತುನ ದೂರ ಹತ್ರ ಮಾಡ್ತಾ ಇಮೇಜ್ ಎಲ್ಲಿಗೆ ಓಡುತ್ತೆ ಅಂತ ನೋಡು, ಇದಕ್ಕೆ ಕರೆಂಟೂ ಬೇಡ ನೆಟ್ಟೂ ಬೇಡ. ಹುಡುಗ್ರು ಹೆಚ್ಚಾಗಿ ತಪ್ಪೋದು ಪ್ಲಸ್ ಮೈನಸ್‌ನಲ್ಲಿ. ಒಬ್ರಿಗೆ 50 ಸೆಂಟಿಮೀಟರ್ ಆಚೆ ಇರೋದು ಮಸುಕು ಅಂದ್ಕೋ. ದೂರದ ವಸ್ತುವಿನ ಇಮೇಜನ್ನ ಲೆನ್ಸ್ ಆ 50ಕ್ಕೆ ತಂದು ಕೊಡ್ಬೇಕು, ಇಮೇಜ್ ವಸ್ತು ಇರೋ ಕಡೆನೇ ಬರೋದ್ರಿಂದ ವಿ (ಇಮೇಜಿನ ದೂರ) ಮೈನಸ್ 50, ಯು (ವಸ್ತುವಿನ ದೂರ) ಅನಂತ, ಹಾಗಾಗಿ ಎಫ್ (ಲೆನ್ಸಿನ ಫೋಕಲ್ ಲೆಂತ್) ಮೈನಸ್ 50 ಸೆಂ.ಮೀ. ಮೀಟರ್‌ಗೆ ತಂದ್ರೆ ಮೈನಸ್ 0.5, ಪವರ್ ಅಂದ್ರೆ ಅದರ ತಲೆಕೆಳಗು, ಒಂದನ್ನ ಮೈನಸ್ 0.5ರಿಂದ ಭಾಗಿಸಿದ್ರೆ ಮೈನಸ್ 2 ಡಯಾಪ್ಟರ್ (ಲೆನ್ಸ್ ಪವರ್ ಅಳೆಯೋ ಯೂನಿಟ್). ಮನೇಲಿ ಯಾರದ್ದಾದ್ರೂ ಕನ್ನಡಕದ ಚೀಟಿ ಇದ್ರೆ ತೆಗೆದು ನೋಡು, ಇಂಥದೇ ನಂಬರ್ ಅಲ್ಲಿರೋದು. ಇಷ್ಟು ಕೈಗೆ ಹತ್ತಿದ್ರೆ ಭಯ ಅರ್ಧ ಇಳಿಯುತ್ತೆ, ಆಮೇಲೆ ಕರೆಂಟ್ ಎಲೆಕ್ಟ್ರಿಸಿಟಿ, ಮಾಡರ್ನ್ ಫಿಸಿಕ್ಸ್ ಕಡೆ ಹೋಗು.

ಕೆಮಿಸ್ಟ್ರಿ, ಬಯಾಲಜಿಗೆ ಎನ್‌ಸಿಇಆರ್‌ಟಿ ಟೆಕ್ಸ್ಟೇ ಸಾಕು, ಸಾಲು ಸಾಲು ಓದು. ಒಂದು ವಿಷಯ ಮಾತ್ರ ಗಮನಿಸು, ಫಸ್ಟ್ ಪಿಯು ಬಯಾಲಜಿ ಪುಸ್ತಕದಿಂದ ಕಣ್ಣು ಕಿವಿ ಭಾಗನ ತೆಗೆದಿದಾರೆ. ಈ ಕೋರ್ಸ್‌ಗೆ ಹೋಗೋಳು ಕಣ್ಣನ್ನೇ ಓದದೆ ಹೋಗೋದು ಸರಿ ಅಲ್ಲ, ಹತ್ತನೇ ಕ್ಲಾಸಿನ ಸೈನ್ಸ್ ಪುಸ್ತಕದಲ್ಲಿ ಮಾನವನ ಕಣ್ಣಿನ ಪಾಠ ಇದೆ, ಹಳೇ ಬುಕ್ ಹುಡುಕಿ ತೆಗಿ.

ತಪ್ಪು ಉತ್ತರಕ್ಕೆ ಮೂರನೇ ಒಂದು ಮಾರ್ಕ್ ಕಟ್. ನಾಲ್ಕು ಆಪ್ಷನ್‌ನಲ್ಲಿ ಏನೂ ಗೊತ್ತಿಲ್ದೆ ಟಿಕ್ ಹಾಕಿದ್ರೆ ಲೆಕ್ಕಕ್ಕೆ ಲಾಭನೂ ಇಲ್ಲ ನಷ್ಟನೂ ಇಲ್ಲ, ಆದ್ರೆ ಒಂದು ಆಪ್ಷನ್ ಖಂಡಿತ ಅಲ್ಲ ಅಂತ ಗೊತ್ತಿದ್ರೂ ಸಾಕು, ಉತ್ತರ ಹಾಕೋದೇ ಒಳ್ಳೇದು. ಬಯಾಲಜಿ ಮೊದಲು ಮುಗಿಸು, ಉಳಿದ ಟೈಮ್ ಫಿಸಿಕ್ಸ್‌ಗೆ ಸಿಗುತ್ತೆ.

ಒಂದೇ ಪರೀಕ್ಷೆ ನಂಬ್ಕೊಂಡು ಕೂರ್ಬೇಡ. ಚೆನ್ನೈನ ಎಲೀಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ, ಮಣಿಪಾಲ, ಬೆಂಗಳೂರಿನ ಕಾಲೇಜುಗಳಿಗೂ ಅರ್ಜಿ ಹಾಕು. ಪಿಯು ಮಾರ್ಕ್ಸ್ ನೋಡಿ ಸೀಟ್ ಕೊಡೋ ಕಾಲೇಜುಗಳೂ ಇರೋದ್ರಿಂದ ಬೋರ್ಡ್ ಎಕ್ಸಾಂನ ಕಡೆಗಣಿಸ್ಬೇಡ. ರೂಲ್ಸ್ ವರ್ಷ ವರ್ಷ ಬದಲಾಗುತ್ತೆ, ಆಯಾ ವರ್ಷದ ಪ್ರಾಸ್ಪೆಕ್ಟಸ್ ನೀನೇ ಓದು, ಯಾರೋ ಹೇಳಿದ್ದು ಕೇಳ್ಬೇಡ.

ಏಮ್ಸ್ ಅರ್ಜಿ ಎರಡು ಹಂತ, ಮೊದಲು ಬೇಸಿಕ್ ರಿಜಿಸ್ಟ್ರೇಷನ್, ಆಮೇಲೆ ಫೈನಲ್. ಮೊದಲನೇದು ತಪ್ಪಿದ್ರೆ ಎರಡನೇದು ಇಲ್ಲ. ಕೊನೇ ದಿನದವರೆಗೆ ಕಾಯದೆ, ನೆಟ್ ಚೆನ್ನಾಗಿರೋ ದಿನ ಪೇಟೆಗೆ ಹೋಗಿ ಫೋಟೋ, ಸಹಿ ಎಲ್ಲ ಅಪ್‌ಲೋಡ್ ಮಾಡಿ ಪ್ರಿಂಟ್ ತಗೊಂಡು ಬಾ. ಪರೀಕ್ಷೆ ಮಳೆಗಾಲದಲ್ಲಿ ಬಿದ್ರೆ ಹಿಂದಿನ ದಿನನೇ ಊರು ಬಿಡು, ನಮ್ಮ ಕಡೆ ರಸ್ತೆ ಮೇಲೆ ಯಾವಾಗ ಮರ ಬೀಳುತ್ತೆ, ಎಲ್ಲಿ ಮಣ್ಣು ಕುಸಿಯುತ್ತೆ ಅಂತ ಹೇಳೋಕಾಗಲ್ಲ.