ಅಕ್ಕೋರಿಗೊಂದು ಪ್ರಶ್ನೆ: ಶಾಲು, ಹಾರ, ಫೋಟೋ... ಆಮೇಲೆ?

ಪ್ರಶ್ನೆ: ಅಕ್ಕೋರೆ, ನಮ್ಮ ಬಡಾವಣೆಯ ಗೆಳೆಯರೆಲ್ಲ ಸೇರಿ ಅಕ್ಟೋಬರ್ 2ಕ್ಕೆ ಸಮುದಾಯ ಭವನದಲ್ಲಿ ಸರ್ವಧರ್ಮ ಸೌಹಾರ್ದ ಸಭೆ ಮಾಡಿದೆವು. ಒಬ್ಬ ಸ್ವಾಮೀಜಿ, ಒಬ್ಬ ಮೌಲಾನಾ, ಒಬ್ಬ ಫಾದರ್ ಬಂದಿದ್ದರು. ಮೂವರೂ ಚೆನ್ನಾಗಿ ಮಾತಾಡಿದರು. ಶಾಲು ಹೊದಿಸಿದೆವು, ಹಾರ ಹಾಕಿದೆವು, ಪೇಪರಿನಲ್ಲಿ ಫೋಟೋ ಬಂತು. ಆದರೆ ಜನ ಮಾತ್ರ ಮೂರು ಗುಂಪಾಗಿ ಕೂತಿದ್ದರು. ಹಾಗೇ ಊಟ ಮಾಡಿ ಎದ್ದು ಹೋದರು. ತಿಂಗಳೊಳಗೆ ಮೈಕಿನ ವಿಷಯಕ್ಕೆ ಜಗಳವಾಗಿ ಠಾಣೆ ತನಕ ಹೋಯಿತು. ನಾವು ಮಾಡಿದ್ದೆಲ್ಲ ದಂಡ ಆಯಿತಾ?
(ಓದುಗರೊಬ್ಬರು, ಹಾವೇರಿ ಜಿಲ್ಲೆ)

ಉತ್ತರ: ದಂಡ ಅನ್ನಬೇಡಿ. ಸ್ವಾಮೀಜಿಯ ಫೋನಿನಲ್ಲಿ ಈಗ ಮೌಲಾನಾರ ನಂಬರ್ ಇದೆ. ಊರಲ್ಲಿ ಏನಾದರೂ ಹೊತ್ತಿಕೊಂಡ ರಾತ್ರಿ ಆ ನಂಬರಿಗೆ ಬೆಲೆ ಬರುತ್ತದೆ.

1994ರಲ್ಲಿ ಹುಬ್ಬಳ್ಳಿಯ ಈದ್ಗಾ ಮೈದಾನದ ವಿಷಯಕ್ಕೆ ಗೋಲಿಬಾರ್ ಆದಾಗ ನಾನು ಧಾರವಾಡದಲ್ಲಿ ಟೀಚರ್. ನೌಕರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆಮೇಲೆ ನಡೆದ ಒಂದು ಶಾಂತಿ ಸಭೆಗೆ ನಮ್ಮ ಹೆಡ್‌ಮಾಸ್ತರರ ಜೊತೆ ಹೋಗಿದ್ದೆ. ಠಾಣೆಯ ಅಂಗಳದಲ್ಲಿ ಕುರ್ಚಿ, ಚಹಾ, ಬಿಸ್ಕೀಟು. "ನಮ್ಮ ಕಡಿಂದ ಏನೂ ತೊಂದರಿ ಇಲ್ರಿ" ಅಂತ ಒಬ್ಬೊಬ್ಬರಾಗಿ ಎದ್ದು ಹೇಳಿದರು. ಕೊನೆಗೆ ಎಲ್ಲರೂ ಸಹಿ ಹಾಕಿದರು. ಒಂದೇ ಓಣಿಯಲ್ಲಿ ಎದುರುಬದುರು ಇದ್ದ ಇಬ್ಬರಿಗೆ ಒಬ್ಬರ ಪೂರ್ತಿ ಹೆಸರು ಇನ್ನೊಬ್ಬರಿಗೆ ಗೊತ್ತಾದದ್ದು ಆ ಸಹಿಯ ಕಾಗದ ನೋಡಿದಾಗ!

ನಿಮ್ಮ ಪತ್ರ ಓದಿದಾಗ ನನಗೆ ಚುಚ್ಚಿದ್ದು ಬೇರೆ. ಜಾಗ ನೀವು ಹಿಡಿದದ್ದು, ಊಟ ನೀವು ಮಾಡಿಸಿದ್ದು, ಶಾಲು ನೀವು ತಂದದ್ದು. ಉಳಿದವರು ಬಂದ ನೆಂಟರು. ನೆಂಟರು ತಮ್ಮ ತಮ್ಮವರ ಜೊತೆಗೇ ಕೂರುತ್ತಾರೆ, ಊಟವಾದ ಮೇಲೆ ಹೊರಡುತ್ತಾರೆ. ಅದರಲ್ಲಿ ತಪ್ಪೇನಿದೆ? ಅವರು ಕರೆದು ನೀವು ಹೋಗಿದ್ದು ಯಾವಾಗ? ಪತ್ರದಲ್ಲಿ ಅದಿಲ್ಲ. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೂ ಇಲ್ಲ ಬಿಡಿ. ಯಾಕೆ ಅಂತ ಹೇಳುತ್ತೇನೆ. ಬರೆಯೋಕೆ ಇವತ್ತಿಗೂ ನಾಚಿಕೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಚಾಚಿ ಇದ್ದರು. ಓಣಿಯ ಮಕ್ಕಳಿಗೆಲ್ಲ ಚಾಚಿ, ನನಗೂ ಚಾಚಿ. ಗಣಪತಿ ಹಬ್ಬಕ್ಕೆ ಬಂದು ಕರಿಗಡುಬು ತಿಂದು, ಮೊಮ್ಮಗನಿಗೆ ಇನ್ನೆರಡು ಕಟ್ಟಿಸಿಕೊಂಡು ಹೋಗುವವರು. ರಂಜಾನ್ ದಿನ ಸ್ಟೀಲ್ ಡಬ್ಬಿಯಲ್ಲಿ ಸುರಕುಂಬಾ, ಅಂದರೆ ಹಾಲು-ಶಾವಿಗೆಯ ಪಾಯಸ, ಕಳಿಸುವವರು. ನಮ್ಮದು ಅತ್ತೆಯ ಕಾಲದಿಂದ ಮಡಿ ಮನೆ. ಯಾವ ಪಾತ್ರೆಯಲ್ಲಿ ಮಾಡಿದ್ದಾರೋ ಏನೋ ಅಂತ ಆ ಸುರಕುಂಬಾ ಹಾಗೇ ಕೆಲಸದವಳ ಮಕ್ಕಳಿಗೆ ಹೋಗುತ್ತಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಲ್ವಾ? ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಿದ್ದೆ. "ಭಾಳ ಛಲೋ ಆಗಿತ್ರಿ ಚಾಚಿ" ಅಂತ ಬೇರೆ ಹೇಳುತ್ತಿದ್ದೆ. ಹೀಗೆ ಹನ್ನೊಂದು ವರ್ಷ.

ಹನ್ನೆರಡನೇ ವರ್ಷ ಡಬ್ಬಿ ಬರಲಿಲ್ಲ. ಚಾಚಿಯೇ ಕೈಚೀಲ ಹಿಡಿದು ಬಂದರು. ಒಳಗೆ ಶಾವಿಗೆ ಪೊಟ್ಟಣ, ಸಕ್ಕರೆ, ಉತ್ತತ್ತಿ, ಒಂದಿಷ್ಟು ಚಾರೋಳಿ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್. "ಅಕ್ಕೋರ, ನಿಮ್ಮ ಪಾತ್ರಿ, ನಿಮ್ಮ ಒಲಿ. ನೀವ ಮಾಡ್ಕೊಂಡು ಕುಡೀರಿ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಟುಕಿರಲಿಲ್ಲ. ಉತ್ತತ್ತಿ ರಾತ್ರಿಯೇ ನೆನೆ ಹಾಕಬೇಕಿತ್ತು, ಇರಲಿ, ಬಿಸಿ ಹಾಲಿನಲ್ಲಿ ಹಾಕಿಡಿ ಅಂತ ಹೇಳಿಕೊಟ್ಟು ಹೋದರು. ಅವರಿಗೆ ಎಷ್ಟು ವರ್ಷದಿಂದ ಗೊತ್ತಿತ್ತು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ರಂಜಾನ್‌ಗೆ ನಾನೇ ಅವರ ಮನೆಗೆ ಹೋದೆ. ಚಾಪೆ ಮೇಲೆ ಕೂತು ಎರಡು ಬಟ್ಟಲು ಕುಡಿದೆ. ಎರಡನೆಯದು ಕೇಳಿ ಹಾಕಿಸಿಕೊಂಡದ್ದು.

ನಮ್ಮ ಓಣಿಯ ಹೆಂಗಸರ ಕೂಟ ಶುರುವಾದದ್ದು ಅಲ್ಲಿಂದ. ಅದಕ್ಕೆ ಹೆಸರಿಲ್ಲ, ಫ್ಲೆಕ್ಸ್ ಇಲ್ಲ. ತಿಂಗಳಿಗೊಮ್ಮೆ ಒಬ್ಬರ ಮನೆ, ಸರದಿ ಪ್ರಕಾರ. ಒಟ್ಟು ಎಂಟು ಮನೆ. ಸರದಿ ತಪ್ಪಿಸುವಂತಿಲ್ಲ, ಅದೊಂದೇ ಕಟ್ಟುನಿಟ್ಟು. ಹೊತ್ತು ಗೊತ್ತು ಮಾಡುವುದರಲ್ಲೇ ಅರ್ಧ ಪಾಠ ಆಯಿತು ನೋಡಿ. ಶುಕ್ರವಾರ ಮಧ್ಯಾಹ್ನ ನಮಾಜ್. ರವಿವಾರ ಬೆಳಿಗ್ಗೆ ಚರ್ಚ್. ಏಕಾದಶಿ ನನಗೆ ಉಪವಾಸ. ಜೈನರ ಮನೆಯವರು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಕೊನೆಗೆ ಶನಿವಾರ ಸಂಜೆ ನಾಲ್ಕು ಗಂಟೆ ಅಂತಾಯಿತು. ರಂಜಾನ್ ತಿಂಗಳು ಕೂಟಕ್ಕೆ ರಜೆ. ತಿಂಡಿಗೆ ಚುರಮುರಿ ಒಗ್ಗರಣೆ, ಉಳ್ಳಾಗಡ್ಡಿ ಬೇರೆ ತಟ್ಟೆಯಲ್ಲಿ. ಬೇಕಾದವರು ಹಾಕಿಕೊಳ್ಳಲಿ.

ಭಾಷಣ ಇಲ್ಲ. ಒಂದು ಹಳೇ ಹಾರ್ಲಿಕ್ಸ್ ಬಾಟಲಿಗೆ ಎಲ್ಲರೂ ಹೆಸರು ಬರೆಯದೆ ಚೀಟಿ ಹಾಕುತ್ತೇವೆ. ಕೇಳಿದರೆ ಏನು ಅಂದುಕೊಳ್ಳುತ್ತಾರೋ ಅಂತ ಇಷ್ಟು ದಿನ ಕೇಳದೇ ಇದ್ದದ್ದನ್ನು ಅದರಲ್ಲಿ ಬರೆಯಬೇಕು. ಒಂದು ಸಲ ಬಂದ ಚೀಟಿ: "ಮುಟ್ಟಾದಾಗ ನೀವೇನು ಮಾಡ್ತೀರಿ?" ನಾನು ನಮ್ಮ ಮನೆಯ ಮೂರು ದಿನದ ಕತೆ ಹೇಳಿದೆ. ಚಾಚಿಯ ಸೊಸೆ ಹೇಳಿದಳು, ಅವರೂ ಆ ದಿನಗಳಲ್ಲಿ ನಮಾಜ್ ಮಾಡುವುದಿಲ್ಲ, ರೋಜಾ ಹಿಡಿಯುವುದಿಲ್ಲ. ಬಿಟ್ಟ ನಮಾಜ್ ಮತ್ತೆ ಮಾಡಬೇಕಿಲ್ಲ, ಬಿಟ್ಟ ರೋಜಾ ಮಾತ್ರ ಆಮೇಲೆ ಹಿಡಿದು ತೀರಿಸಬೇಕು. "ಅಂದ್ರ ಸಾಲ ಇದ್ದಂಗ" ಅಂದರು ಯಾರೋ. ಆಗ ಲಿಂಗಾಯತರ ಮನೆಯವರು, "ನಮಗ ಶರಣರು ಮುಟ್ಟು ಸೇರಿ ಐದೂ ಸೂತಕ ಇಲ್ಲ ಅಂತ ಹೇಳ್ಯಾರ್ರಿ. ಆದ್ರ ನಮ್ಮ ಅತ್ತಿ ಕೇಳಬೇಕಲ್ಲ!" ಅಂದರು. ಆ ದಿನ ನಕ್ಕಷ್ಟು ನಾನು ಯಾವ ಹಾಸ್ಯ ಸಂಜೆಯಲ್ಲೂ ನಕ್ಕಿಲ್ಲ.

ಎಲ್ಲ ಚೆಂದ ನಡೆದಿದೆ ಅಂದರೆ ಸುಳ್ಳಾಗುತ್ತದೆ. ಒಂದು ವಾಟ್ಸ್ಯಾಪ್ ಮೆಸೇಜಿನ ಸಲುವಾಗಿ ಮಾತಿಗೆ ಮಾತು ಬೆಳೆದು ಒಬ್ಬರು ಬರುವುದು ಬಿಟ್ಟರು. ನಾನು ಎರಡು ಸಲ ಕರೆಯಲು ಹೋದೆ. ಬರಲಿಲ್ಲ. ತರಕಾರಿ ಗಾಡಿ ಹತ್ತಿರ ಸಿಕ್ಕಾಗ ಬದನೆಕಾಯಿ ರೇಟಿನ ಬಗ್ಗೆ ಮಾತಾಡುತ್ತೇವೆ. ಸದ್ಯಕ್ಕೆ ಅಷ್ಟೇ.

ದೊಡ್ಡ ವೇದಿಕೆಗೂ ಅದರದ್ದೇ ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ ಎಷ್ಟೋ ದಶಕಗಳಿಂದ ಸರ್ವಧರ್ಮ ಸಮ್ಮೇಳನ ನಡೆಯುತ್ತಿದೆ. 2018ರಲ್ಲಿ ಲಿಂಗೈಕ್ಯರಾದ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮಠದಲ್ಲಿ ಶಿವಾನುಭವ ಗೋಷ್ಠಿ ನಡೆಸುತ್ತಿದ್ದರು. ಆದರೆ ಅದು ವಾರ ವಾರ! ನಿಮ್ಮದು ವರ್ಷಕ್ಕೊಂದು ಸಲ.

ಮೈಕಿನ ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕ್ ಹಾಕಬಾರದು ಅನ್ನುವ ನಿಯಮ 2000ನೇ ಇಸವಿಯದು. ಅದು ಗುಡಿಗೂ ಹೌದು, ಮಸೀದಿಗೂ ಹೌದು, ನಿಮ್ಮ ಮದುವೆ ಮೆರವಣಿಗೆಯ ಡಿಜೆಗೂ ಹೌದು. ಠಾಣೆಗೆ ಹೋಗುವ ಮುಂಚೆ ಇಬ್ಬರು ಹೋಗಿ ಮಾತಾಡಿ, ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ಕೈಯಲ್ಲಿ ಹಿಡಿದು ಹೋಗಿ. ಪರೀಕ್ಷೆ ಅಂದರೆ ಎಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ. ಇದು ನಾನು ಮಾಡಿ ನೋಡಿದ್ದು, ಕೆಲಸ ಆಗಿದೆ.

ಪ್ರಶ್ನೆ: ನಮ್ಮೂರಲ್ಲಿ ಮೊಹರಂ ಜೋರು. ನಮ್ಮಜ್ಜನ ಕಾಲದಿಂದ ನಮ್ಮ ಮನೆಯವರು ಹರಕೆ ಹೊತ್ತು ಫಕೀರ ಆಗುತ್ತಾರೆ. ಈಗ ಕಾಲೇಜಿನ ಗೆಳೆಯರು "ಹಿಂದೂ ಆಗಿ ನೀನ್ಯಾಕೆ?" ಅಂತಾರೆ. ಮುಸ್ಲಿಂ ಗೆಳೆಯನೊಬ್ಬ "ಇದು ನಮ್ಮ ಧರ್ಮದಲ್ಲೂ ಇಲ್ಲ" ಅಂತಾನೆ. ನಾನೇನು ಮಾಡಲಿ?
(ವಿದ್ಯಾರ್ಥಿ, ರಾಯಚೂರು ಜಿಲ್ಲೆ)

ಉತ್ತರ: ಎರಡೂ ಕಡೆಯಿಂದ ಬೈಸಿಕೊಳ್ಳುವ ಹಬ್ಬ ಅಂದರೆ ಅದರಲ್ಲಿ ಏನೋ ಇದೆ ಅಂತಾಯ್ತಲ್ಲಪ್ಪ! ನಿಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮ ಕಡೆ ಒಬ್ಬ ಮುಸ್ಲಿಮನೂ ಇಲ್ಲದ ಹಳ್ಳಿಗಳಲ್ಲೂ ಕೆಂಡಕ್ಕೆ ಅಲಾಯಿ ಕುಣಿ ತೋಡುತ್ತಾರೆ, ಹಸ್ತದ ಆಕಾರದ ಪಂಜಾ ಕೂರಿಸುತ್ತಾರೆ. ನಮ್ಮಜ್ಜಿ ನನ್ನ ಕೈಯಲ್ಲಿ ಸಕ್ಕರೆ ಕೊಟ್ಟು ಓದಿಸಿಕೊಂಡು ಬಾ ಅಂತ ಕಳಿಸುತ್ತಿದ್ದಳು. ಮುಲ್ಲಾ ಸಾಹೇಬರು ಓದಿ ಕೊಟ್ಟ ಆ ಸಕ್ಕರೆ ದೇವರ ಮನೆಯ ಮಾಡಿನಲ್ಲೇ ಇರುತ್ತಿತ್ತು. ಸುರಕುಂಬಾ ಒಲ್ಲೆ ಅಂದ ನನಗೆ ಅದು ಯಾಕೆ ನೆನಪಾಗಲಿಲ್ಲವೋ. ಮೊಹರಂನ ಸಿಹಿ ತಿನಿಸು ಚೊಂಗೆಯ ರುಚಿ ಮಾತ್ರ ಇನ್ನೂ ನಾಲಗೆ ಮೇಲಿದೆ.

ಶಿಶುನಾಳ ಷರೀಫರು ಗೊತ್ತಲ್ಲ, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ನನ್ನ ಹಾಗೇ ಒಂದಷ್ಟು ದಿನ ಶಾಲಾ ಮಾಸ್ತರರು, ಅದೊಂದು ನನಗೆ ಹೆಮ್ಮೆ. ಮೊಹರಂನಲ್ಲಿ ಹೆಜ್ಜೆ ಹಾಕಿಕೊಂಡು ಹಾಡುವ ರಿವಾಯತ್ ಪದಗಳನ್ನು ಅವರು ಬರೆದಿದ್ದಾರೆ. ಅವರ ಗುರು ಕಳಸದ ಗೋವಿಂದ ಭಟ್ಟರು. ಭಟ್ಟರು ಷರೀಫರಿಗೆ ಜನಿವಾರ ಹಾಕಿದ್ದನ್ನು ಎಲ್ಲರೂ ಹೇಳುತ್ತಾರೆ. ಭಟ್ಟರು ಷರೀಫರ ಮನೆಗೆ ಹೋಗಿ ಉಂಡರು ಅಂತಲೂ ನಮ್ಮ ಕಡೆ ಹೇಳುತ್ತಾರೆ. ನನಗೆ ಈ ಎರಡನೆಯದು ದೊಡ್ಡದಾಗಿ ಕಾಣುತ್ತದೆ.

ಮುಸ್ಲಿಂ ಗೆಳೆಯ ಹೇಳಿದ್ದನ್ನು ತಳ್ಳಿಹಾಕಬೇಡ. ಅವನ ಧರ್ಮದಲ್ಲಿ ಏನಿದೆ, ಏನಿಲ್ಲ ಅನ್ನೋದು ಅವನಿಗೂ ಅವನ ಮನೆಯವರಿಗೂ ಬಿಟ್ಟದ್ದು. ಅವನಿಗೆ ಬೇಡವಾದರೆ ಬೇಡ, ಎಳೆಯಬೇಡ. ನಿನ್ನ ಹರಕೆ ನಿನ್ನ ಮನೆಯದು. "ನಮ್ಮಜ್ಜ ಮಾಡಿದ್ದು, ನಾನು ಮಾಡ್ತೀನಿ" ಅಂದರೆ ಸಾಕು. ಮೇಲೆ ವಾದ ಯಾಕೆ? ಅಂದ ಹಾಗೆ, ಕತ್ತಲ ರಾತ್ರಿ, ಅಂದರೆ ಹಬ್ಬದ ಹಿಂದಿನ ರಾತ್ರಿ, ಕೆಂಡದ ಹತ್ತಿರ ಹುಷಾರು. ಇದು ಟೀಚರ್ ಮಾತು.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ನಿಮ್ಮ ಹಾಗೆ ನಮಗೆ ಓಣಿಯೂ ಇಲ್ಲ, ಚಾಚಿಯೂ ಇಲ್ಲ. ಏನು ಮಾಡಬಹುದು?
(ಗೃಹಿಣಿ, ಬೆಂಗಳೂರು)

ಉತ್ತರ: ಲಿಫ್ಟ್ ಇದೆಯಲ್ಲ! ಹಬ್ಬದ ತಿಂಡಿ ಸೆಕ್ಯೂರಿಟಿಯವರ ಕೈಯಲ್ಲಿ ಕಳಿಸಬೇಡಿ, ನೀವೇ ತೆಗೆದುಕೊಂಡು ಹೋಗಿ ಬೆಲ್ ಮಾಡಿ. ಇಫ್ತಾರ್‌ಗೆ ಕರೆದರೆ ಐದು ನಿಮಿಷ ಮುಂಚೆಯೇ ಹೋಗಿ ಕೂರಿ. ಹದಿನಾಲ್ಕು ಗಂಟೆ ನೀರೂ ಕುಡಿಯದೆ ಇದ್ದವರು ಖರ್ಜೂರದ ತಟ್ಟೆ ಎದುರಿಗೆ ಸುಮ್ನೆ ಕಾಯುವುದನ್ನು ಒಮ್ಮೆ ನೋಡಬೇಕು.

ನಿಮ್ಮ ಊರಿನಲ್ಲಿ ನೋಡುವಂಥದ್ದು ನಮ್ಮೂರಿಗಿಂತ ಜಾಸ್ತಿ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿ ಹಬ್ಬದಲ್ಲಿ ಕಾವಿ ಸೀರೆ ಉಟ್ಟು ಹರಕೆ ತೀರಿಸುವವರನ್ನು ನೋಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ನೀರಿನ ಬಾಟಲಿ ಮರೆಯಬೇಡಿ.

ಪ್ರಶ್ನೆ: ಮಸೀದಿ ಒಳಗೆ ನಮ್ಮಂಥವರು ಹೋಗಬಹುದಾ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಈಗ ಬಹಳ ಊರುಗಳಲ್ಲಿ "ಮಸೀದಿ ದರ್ಶನ" ಅಂತ ಒಂದು ದಿನ ಎಲ್ಲರನ್ನೂ ಕರೆಯುತ್ತಾರೆ, ಆವಾಗ ಹೋಗಿ. ಬೇರೆ ದಿನ ಹೋಗುವುದಾದರೆ ಮೊದಲೇ ಕೇಳಿಕೊಂಡು ಹೋಗಿ. ಹೆಂಗಸರಾದರೆ ತಲೆ ಮೇಲೆ ಸೆರಗು ಹಾಕಿಕೊಂಡರೆ ಒಳ್ಳೆಯದು. ಚಪ್ಪಲಿ ಹೊರಗೆ, ಗುಡಿಯ ಹಾಗೇ.

ನಾನು ಹೋಗಿದ್ದು ರಿಟೈರ್ ಆಗುವ ಹಿಂದಿನ ವರ್ಷ, ಏಳನೇ ತರಗತಿಯ ಮಕ್ಕಳ ಜೊತೆ. ಗೋಡೆಯ ಮೇಲೆ ಒಂದು ಹಲಗೆ, ಅದರಲ್ಲಿ ಆರು ಪುಟ್ಟ ಗಡಿಯಾರ. ಎಲ್ಲ ನಿಂತಿವೆ, ಒಂದೊಂದರಲ್ಲಿ ಒಂದೊಂದು ಟೈಮು. "ಸೆಲ್ ಹಾಕ್ಸಿಲ್ಲೇನ್ರಿ?" ಅಂತ ಒಬ್ಬ ಹುಡುಗಿ ಕೇಳಿಯೇಬಿಟ್ಟಳು. ಮೌಲಾನಾ ನಕ್ಕು ಹೇಳಿದರು: ಐದು ಹೊತ್ತಿನ ನಮಾಜಿಗೆ ಐದು, ಶುಕ್ರವಾರದ್ದು ಒಂದು. ಸೆಲ್ ಬೇಕಿಲ್ಲ, ಸಮಯ ಬದಲಾದಾಗ ಮುಳ್ಳನ್ನು ಕೈಯಿಂದ ತಿರುಗಿಸುತ್ತಾರೆ. ಅವಳಿಗೂ ಒಂದು ಮುಳ್ಳು ತಿರುಗಿಸಲು ಕೊಟ್ಟರು. ಆಮೇಲೆ ಆಜಾನಿನ ಒಂದೊಂದು ಸಾಲಿಗೂ ಅರ್ಥ ಹೇಳಿದರು. ಬೆಳಗಿನ ಜಾವದ ಆಜಾನಿನಲ್ಲಿ ಮಾತ್ರ ಒಂದು ಸಾಲು ಜಾಸ್ತಿ ಇರುತ್ತದಂತೆ: ನಿದ್ದೆಗಿಂತ ಪ್ರಾರ್ಥನೆ ಮೇಲು ಅಂತ. ನಮ್ಮಪ್ಪ ಐದು ಗಂಟೆಗೆ ಹೊದಿಕೆ ಎಳೆದು ಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದರು, ಎರಡು ಬೈಗುಳ ಸೇರಿಸಿ.