ಕತ್ತರಿಸಿದರೂ ಮತ್ತೆ ಬಂದ ಗಂಟು

(ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹೀಗೆ ಬರೆಯುವುದಕ್ಕೆ ಹುಡುಗ, ಅವನ ತಂದೆ ಇಬ್ಬರೂ ಒಪ್ಪಿದ್ದಾರೆ.)

ಅವನಿಗೆ 22 ವರ್ಷ. ನಾನು ಆಪ್ತಸಲಹೆ ಕೊಡುವವಳು. ನನ್ನ ಹತ್ತಿರ ಅವನು ಬಂದಿದ್ದು ಚರ್ಮದ ತೊಂದರೆಗಲ್ಲ, ನಿದ್ದೆ ಬರಲ್ಲ ಅಂತ. ಸಿಟ್ಟು ಜಾಸ್ತಿಯಾಗಿದೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಅಪ್ಪನ ಜೊತೆ ಮಾತು ಬಿಟ್ಟು ತಿಂಗಳುಗಳೇ ಆದವು ಅಂದ. ಬಲಗಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದ. ಒಳಗೆ ಬಂದವನೇ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು, ಎಡಗೆನ್ನೆ ಮಾತ್ರ ನನಗೆ ಕಾಣುವಂತೆ ಕೂತ. ಅರ್ಧ ಗಂಟೆ ಮಾತಾಡಿದ ಮೇಲೆ ಕೂದಲು ಸರಿಸಿ ತೋರಿಸಿದ. ಕಿವಿಯ ಮೇಲಿನ ಅಂಚಿನಲ್ಲಿ ಗೋಲಿಗಿಂತ ಸ್ವಲ್ಪ ದೊಡ್ಡದಾದ ಗಂಟು. ಗಟ್ಟಿ, ನುಣುಪು, ಹೊಳಪು.

"ಇದು ನಾನೇ ತಂದ್ಕೊಂಡಿದ್ದು ಮೇಡಂ" ಅಂದ.

ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಹೋಗಿ ಕಿವಿಯ ಆ ಅಂಚನ್ನು ಚುಚ್ಚಿಸಿಕೊಂಡಿದ್ದ. ಅಪ್ಪ ಬೇಡ ಅಂದಿದ್ದರು. ಮೊದಲು ಕೆಂಪಾಯಿತು, ಕೀವು ತುಂಬಿತು, ಆಮೇಲೆ ಮಾಯಿತು. ಮಾಯ್ದು ಮೂರು ತಿಂಗಳಿಗೆ ಗುಂಡುಸೂಜಿ ತಲೆಯಷ್ಟು ಉಬ್ಬು ಕಾಣಿಸಿತು. ಅದು ನಿಧಾನವಾಗಿ ಬೆಳೆಯಿತು. ಒಬ್ಬ ಡಾಕ್ಟರು ಕತ್ತರಿಸಿ ತೆಗೆದರು. ಐದು ತಿಂಗಳಿಗೆ ಅದೇ ಜಾಗದಲ್ಲಿ, ಮೊದಲಿಗಿಂತ ದೊಡ್ಡದಾಗಿ ಮತ್ತೆ ಬಂತು. ಆಗ ಅಪ್ಪ ಹೇಳಿದ್ದು ಒಂದೇ ಮಾತು: "ಹೇಳಿದ್ದು ಕೇಳಲಿಲ್ಲ, ಅನುಭವಿಸು." ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ನಡುವೆ ಒಂದು ಸಲ ನರುಳ್ಳೆಗೆ ಹಚ್ಚುವ ಔಷಧಿ ತಂದು ತಾನೇ ಹಚ್ಚಿಕೊಂಡಿದ್ದಾನೆ. ಸುತ್ತಲಿನ ಚರ್ಮ ಸುಟ್ಟಿತು, ಗಂಟು ಹಾಗೇ ಉಳಿಯಿತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲ ಭೇಟಿಯಲ್ಲಿ ಇದನ್ನು ಪೂರ್ತಿ ನಾಚಿಕೆಯ ವಿಷಯ ಅಂದುಕೊಂಡೆ. ರೂಪ, ಆತ್ಮವಿಶ್ವಾಸ, ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ, ಇದರ ಸುತ್ತಲೇ ಮಾತಾಡಿದೆ. ಅವನು ತಲೆ ಆಡಿಸುತ್ತಾ ಕೂತಿದ್ದ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅದೆಲ್ಲ ಸರಿ ಮೇಡಂ, ಆದ್ರೆ ರಾತ್ರಿ ತುಂಬಾ ನವೆ. ಆ ಕಡೆ ತಿರುಗಿ ಮಲಗೋಕೂ ಆಗಲ್ಲ" ಅಂದ. ನಿದ್ದೆ ಬರದಿರುವುದಕ್ಕೆ ಕಾರಣ ಎದುರಿಗೇ ಇತ್ತು, ನಾನು ಕೇಳಿರಲಿಲ್ಲ. ಈ ಗಂಟುಗಳು ತುರಿಸುತ್ತವೆ, ಚುಚ್ಚುತ್ತವೆ, ಮುಟ್ಟಿದರೆ ನೋಯುತ್ತವೆ. ಅದು ಮನಸ್ಸಿನ ಕಲ್ಪನೆಯಲ್ಲ, ಕಾಯಿಲೆಯದೇ ಲಕ್ಷಣ. ಹಾಗಾಗಿ ಎರಡನೇ ಭೇಟಿಯಲ್ಲಿ ಮೊದಲು ಚರ್ಮದ ಮಾತು, ಆಮೇಲೆ ಮನಸ್ಸಿನ ಮಾತು.

ಇದಕ್ಕೆ ಕೆಲಾಯ್ಡ್ ಅನ್ನುತ್ತಾರೆ. ಗಾಯವಾದಾಗ ಮೈ ಕೊಲಾಜನ್ ಎಂಬ ನಾರಿನಂಥ ವಸ್ತುವಿನಿಂದ ಆ ಜಾಗವನ್ನು ಹೊಲಿದು ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ನಿಲ್ಲಿಸಬೇಕು. ಕೆಲವರ ಚರ್ಮದಲ್ಲಿ ಅದು ನಿಲ್ಲುವುದಿಲ್ಲ, ಗಾಯದ ಗಡಿ ದಾಟಿ ಸುತ್ತಲಿನ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ. ಗಡಿ ದಾಟುವುದೇ ಮುಖ್ಯ ಗುರುತು. ಗಾಯದ ಅಳತೆಯಲ್ಲೇ ಉಬ್ಬಿ ನಿಲ್ಲುವ ಕಲೆಗಳೂ ಇವೆ. ಅವು ಒಂದೆರಡು ವರ್ಷಗಳಲ್ಲಿ ತಾವಾಗಿ ತಗ್ಗುವುದುಂಟು. ಕೆಲಾಯ್ಡ್ ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ. ಗಾಯ ಮಾಯ್ದು ತಿಂಗಳುಗಳಾದ ಮೇಲೆ, ಒಮ್ಮೊಮ್ಮೆ ವರ್ಷ ಕಳೆದ ಮೇಲೆ ಶುರುವಾಗುವುದರಿಂದ ಜನಕ್ಕೆ ಗಾಯಕ್ಕೂ ಗಂಟಿಗೂ ನಂಟೇ ಹೊಳೆಯುವುದಿಲ್ಲ.

ಅವನ ಅತಿ ದೊಡ್ಡ ಭಯ ಕ್ಯಾನ್ಸರ್. "ಕತ್ತರಿಸಿದ್ರೂ ಬೆಳೆಯುತ್ತೆ ಅಂದ್ರೆ ಇನ್ನೇನಿರುತ್ತೆ?" ಅಂತ ಕೇಳಿದ. ಈ ಅನುಮಾನ ಇವತ್ತಿನದಲ್ಲ. ಫ್ರಾನ್ಸಿನ ಚರ್ಮವೈದ್ಯ ಅಲಿಬೇರ್ 19ನೇ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದಾಗ ಮೊದಲು ಕ್ಯಾನ್ಸರನ್ನು ನೆನಪಿಸುವ ಹೆಸರನ್ನೇ ಕೊಟ್ಟಿದ್ದ. ಆಮೇಲೆ ಗೊಂದಲ ಬೇಡವೆಂದು ಬದಲಿಸಿ, ಏಡಿಯ ಕೊಂಡಿ ಅನ್ನುವ ಅರ್ಥದ ಗ್ರೀಕ್ ಪದದಿಂದ ಈಗಿನ ಹೆಸರು ಕಟ್ಟಿದ. ಚರ್ಮದ ಮೇಲೆ ಕೊಂಡಿ ಚಾಚಿದ ಹಾಗೆ ಹಬ್ಬುತ್ತದಲ್ಲ, ಅದಕ್ಕೆ. ಕೆಲಾಯ್ಡ್ ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಗೆಳೆಯರು ಅವನ ಹೆಡ್‌ಫೋನ್ ಹಾಕಿಕೊಳ್ಳಲು ಹಿಂಜರಿಯುತ್ತಿದ್ದರಂತೆ. ಆ ಹಿಂಜರಿಕೆಗೆ ಅರ್ಥವಿಲ್ಲ.

ಆದರೆ ನಾನು ಡಾಕ್ಟರಲ್ಲ. ಹೀಗೇ ಕಾಣುವ ಬೇರೆ ಗಡ್ಡೆಗಳೂ ಇರುತ್ತವೆ. ಆದ್ದರಿಂದ ಮೊದಲ ಸಲಹೆ, ಚರ್ಮರೋಗ ತಜ್ಞರನ್ನು ಕಾಣುವುದು. ಅವನು ಹಟ ಹಿಡಿದ. "ಒಂದ್ಸಲ ಮೋಸ ಹೋಗಿದ್ದೀನಿ" ಅಂದ. ಮೋಸವಲ್ಲ, ಕೆಲಸ ಅರ್ಧಕ್ಕೆ ನಿಂತಿತ್ತು. ಕೆಲಾಯ್ಡನ್ನು ಸುಮ್ನೆ ಕತ್ತರಿಸಿ ಬಿಟ್ಟರೆ 45ರಿಂದ 100 ಶೇಕಡಾ ಮಂದಿಯಲ್ಲಿ ಮತ್ತೆ ಬರುತ್ತದೆ ಅಂತ ವೈದ್ಯಕೀಯ ಬರಹಗಳು ಹೇಳುತ್ತವೆ. ಕತ್ತರಿಸುವುದೂ ಒಂದು ಹೊಸ ಗಾಯ ಅಲ್ವಾ? ಇದನ್ನು ಕೇಳಿ ಅವನ ಮುಖದಲ್ಲಿ ಆದ ಬದಲಾವಣೆ ನನಗೆ ಇನ್ನೂ ನೆನಪಿದೆ. ಮತ್ತೆ ಬಂದದ್ದು ತಾನು ಸರಿಯಾಗಿ ನೋಡಿಕೊಳ್ಳದ್ದಕ್ಕೆ ಅಂತಲೇ ಅವನು ಅಲ್ಲಿಯವರೆಗೆ ನಂಬಿದ್ದ.

ಇಬ್ಬರೂ ಕೂತು ಡಾಕ್ಟರಿಗೆ ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದೆವು. ಮುಖ್ಯ ಪ್ರಶ್ನೆ ಒಂದೇ: "ತೆಗೆದರೆ, ತೆಗೆದ ಮೇಲೆ ಏನು ಮಾಡುತ್ತೀರಿ?" ಇಂಜೆಕ್ಷನ್ನೋ, ಒತ್ತಡದ ಕ್ಲಿಪ್ಪೋ, ರೇಡಿಯೇಷನ್ನೋ? ಎಷ್ಟು ತಿಂಗಳು ಬರಬೇಕು? ಈ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಕತ್ತರಿಗೆ ಒಪ್ಪಬೇಡಿ ಅಂದೆ. ಇದನ್ನು ಕೆಲಾಯ್ಡ್ ಇರುವ ಯಾರಿಗಾದರೂ ಹೇಳುತ್ತೇನೆ.

ಚರ್ಮದ ಡಾಕ್ಟರು ಕೆಲಾಯ್ಡ್ ಅಂತಲೇ ಖಚಿತಪಡಿಸಿದರು. ಮೊದಲು ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು. ಟ್ರೈಆಮ್ಸಿನೊಲೋನ್ ಎಂಬ ಔಷಧಿಯನ್ನು ನೇರವಾಗಿ ಗಂಟಿನೊಳಗೇ, ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ನೋವಾಗುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಳಗೆ ಅಷ್ಟು ಗಟ್ಟಿ ಇರುವಾಗ ಔಷಧಿ ಸುಲಭಕ್ಕೆ ಇಳಿಯುವುದಿಲ್ಲ. ಮರಗಟ್ಟಿಸುವ ಔಷಧಿ ಕೊಡುತ್ತೀರಾ ಅಂತ ಕೇಳಬಹುದು. ಅವನು ಕೇಳಿದ, ಕೊಟ್ಟರು. ಎರಡನೇ ಇಂಜೆಕ್ಷನ್ ಆದ ಮೇಲೆ ನವೆ ಇಳಿಯಿತು. ಗಾತ್ರ ಅಷ್ಟೇ ಇತ್ತು, ಆದರೆ ರಾತ್ರಿ ನಿದ್ದೆ ಬಂತು. ನನ್ನ ಅರ್ಧ ಕೆಲಸ ಆ ಸೂಜಿಯೇ ಮುಗಿಸಿತು ಅಂದರೆ ತಪ್ಪಲ್ಲ.

ಇದಕ್ಕೂ ಅಡ್ಡ ಪರಿಣಾಮಗಳಿವೆ. ಸುತ್ತಲಿನ ಚರ್ಮ ತೆಳುವಾಗಬಹುದು, ಬಣ್ಣ ಬಿಳಿಚಬಹುದು, ಸಣ್ಣ ರಕ್ತನಾಳಗಳು ಎದ್ದು ಕಾಣಬಹುದು. ಸ್ಟೀರಾಯ್ಡ್ ಒಂದರಿಂದಲೇ ಬಗ್ಗದಿದ್ದರೆ 5-ಫ್ಲೂರೋಯುರಾಸಿಲ್ ಎಂಬ ಇನ್ನೊಂದು ಔಷಧಿ ಸೇರಿಸುವುದುಂಟು. ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಯೋಚಿಸುತ್ತಿದ್ದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಲೇಬೇಕು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ ಸಣ್ಣ ಗಂಟುಗಳಿಗೆ ಒಳ್ಳೆಯದು, ಆದರೆ ಕಪ್ಪು ಅಥವಾ ಕಂದು ಚರ್ಮದಲ್ಲಿ ಬಿಳಿ ಕಲೆ ಉಳಿಯುವ ಸಾಧ್ಯತೆ ಜಾಸ್ತಿ. ಲೇಸರ್ ಚಿಕಿತ್ಸೆ ಗಂಟಿನ ಕೆಂಪು ಬಣ್ಣ, ನವೆ ಎರಡನ್ನೂ ತಗ್ಗಿಸುತ್ತದೆ. ದೊಡ್ಡ ಗಂಟನ್ನು ಅದೊಂದೇ ಕರಗಿಸುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನದಿಂದಲೇ ಕೇಳಿ. ಹಟ ಬಿಡದ ಗಂಟುಗಳಿಗೆ ಆಪರೇಷನ್ ಆದ ಒಂದೆರಡು ದಿನದೊಳಗೆ ರೇಡಿಯೇಷನ್ ಶುರು ಮಾಡುವ ಕ್ರಮವಿದೆ. ಇವನ ವಿಷಯದಲ್ಲಿ ಅದು ಬೇಕಾಗಲಿಲ್ಲ. ನಾಲ್ಕು ಸುತ್ತು ಇಂಜೆಕ್ಷನ್ ಆದ ಮೇಲೆ ಉಳಿದದ್ದನ್ನು ಕತ್ತರಿಸಿ, ಮತ್ತೆ ಅದೇ ಜಾಗಕ್ಕೆ ಇಂಜೆಕ್ಷನ್ ಮುಂದುವರಿಸಿದರು. ಜೊತೆಗೆ ಒತ್ತಡದ ಕ್ಲಿಪ್ ಕೊಟ್ಟರು. ದಿನದ ಹೆಚ್ಚು ಹೊತ್ತು ಅದು ಕಿವಿಯ ಮೇಲಿರಬೇಕು, ಅದೂ ತಿಂಗಳುಗಟ್ಟಲೆ. ಕಿವಿಹಾಲೆಗೆ ಇದು ಸುಲಭ, ಮೇಲಿನ ಗಟ್ಟಿ ಅಂಚಿಗೆ ಕಷ್ಟ. ಎರಡು ಸಲ ಕ್ಲಿಪ್ ಬದಲಿಸಬೇಕಾಯಿತು.

ಈ ಅವಧಿಯಲ್ಲಿ ನನ್ನ ಪಾಲಿನ ಸಲಹೆಗಳು ತೀರಾ ಸಣ್ಣವು. ಅವನು ದಿನಾ ರಾತ್ರಿ ಫೋನಿನಲ್ಲಿ ಕಿವಿಯ ಹತ್ತಿಪ್ಪತ್ತು ಫೋಟೋ ತೆಗೆದು, ದೊಡ್ಡದು ಮಾಡಿ, ಹಿಂದಿನ ದಿನದ್ದರ ಜೊತೆ ಹೋಲಿಸುತ್ತಿದ್ದ. ಅದನ್ನು ತಿಂಗಳಿಗೆ ಒಂದೇ ಫೋಟೋಗೆ ಇಳಿಸಿದೆವು. ಅದೇ ಕಿಟಕಿ, ಅದೇ ಬೆಳಕು, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಡಾಕ್ಟರಿಗೂ ಉಪಯೋಗವಾಯಿತು. ನವೆ ಬಂದಾಗ ಉಗುರು ಹಾಕದೆ ತಣ್ಣೀರಿನ ಬಟ್ಟೆ ಒತ್ತಿ ಹಿಡಿಯುವುದು. "ಏನದು ಕಿವೀಲಿ?" ಅಂತ ಕೇಳುವವರಿಗೆ ಒಂದು ಸಿದ್ಧ ಉತ್ತರ: "ಗಾಯ ಮಾಯ್ದ ಜಾಗ ಜಾಸ್ತಿ ಬೆಳೆದಿದೆ, ಅಂಟಲ್ಲ, ಚಿಕಿತ್ಸೆ ನಡೀತಿದೆ." ಇದನ್ನು ಅವನು ನನ್ನೆದುರು ಏಳೆಂಟು ಸಲ ಹೇಳಿ ಅಭ್ಯಾಸ ಮಾಡಿದ. ಮೊದಲ ಸಲ ದನಿ ನಡುಗಿತು. ಆಮೇಲೆ ನಗು ಬಂತು.

ಇನ್ನು ಅಪ್ಪ. ಮೂರು ಸಲ ಕರೆದ ಮೇಲೆ ಬಂದರು. ಕೂತ ಕೂಡಲೇ "ನೋಡಿ ಮೇಡಂ, ನಮ್ಮ ವಂಶದಲ್ಲಿ ಯಾರಿಗೂ ಇಂಥದ್ದಿಲ್ಲ" ಅಂದರು. ಕೆಲಾಯ್ಡ್ ಕುಟುಂಬಗಳಲ್ಲಿ ಹರಿದು ಬರುವುದುಂಟು ಅಂತ ಅವರಿಗೆ ವಿವರಿಸುತ್ತಿದ್ದೆ. ಕಪ್ಪು ಚರ್ಮದವರಲ್ಲಿ ಹೆಚ್ಚು, 10ರಿಂದ 30 ವರ್ಷದ ನಡುವೆ ಹೆಚ್ಚು. ಎದೆ, ಭುಜ, ಬೆನ್ನಿನ ಮೇಲ್ಭಾಗ, ಕಿವಿ, ದವಡೆಯ ಅಂಚು ಇದಕ್ಕೆ ಇಷ್ಟದ ಜಾಗಗಳು. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯಲ್ಲಿ ಬಹಳ ಅಪರೂಪ. ಕಾರಣ ದೊಡ್ಡ ಗಾಯವೇ ಆಗಬೇಕಿಲ್ಲ. ಮೊಡವೆ, ಸಿಡುಬಿನಂಥ ಗುಳ್ಳೆ, ಸುಟ್ಟ ಗಾಯ, ಹಚ್ಚೆ, ಚುಚ್ಚುಮದ್ದಿನ ಜಾಗ ಕೂಡ ಸಾಕು.

ಚುಚ್ಚುಮದ್ದು ಅಂದ ಕೂಡಲೇ ಅವರ ಕೈ ತಾನಾಗಿ ಎಡಭುಜಕ್ಕೆ ಹೋಯಿತು. ಮಗ ಅದನ್ನು ನೋಡಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ ಅಂಗಿಯ ತೋಳು ಮಡಚಿ ತೋರಿಸಿದರು. ಚಿಕ್ಕಂದಿನಲ್ಲಿ ಹಾಕಿಸಿದ ಚುಚ್ಚುಮದ್ದಿನ ಜಾಗದಲ್ಲಿ, ಎರಡು ಬೆರಳಗಲದ, ಅಂಚು ಹಬ್ಬಿದ ಉಬ್ಬು. "ಇದು ಯಾವಾಗಿಂದಲೂ ಇದೆ. ಬೇಸಿಗೇಲಿ ತುರಿಸುತ್ತೆ. ಗುರುತು ಅಂದ್ಕೊಂಡಿದ್ದೆ" ಅಂದರು.

ಇಲ್ಲಿಗೆ ಅಪ್ಪ-ಮಗ ಅಪ್ಪಿಕೊಂಡರು ಅಂತ ಬರೆದರೆ ಸುಳ್ಳಾಗುತ್ತದೆ. ಅಪ್ಪ "ಆದ್ರೂ ಚುಚ್ಚಿಸ್ಕೋಬಾರದಿತ್ತು" ಅಂದರು. ಅದೂ ನಿಜವೇ. ಈ ಗುಣ ಮನೆಯಲ್ಲಿದೆ ಅಂತ ಗೊತ್ತಿದ್ದರೆ ಬೇಡದ ಚುಚ್ಚು, ಹಚ್ಚೆ ಎರಡನ್ನೂ ಬಿಡುವುದೇ ಒಳ್ಳೆಯದು. ಆದರೆ ಅದು ಗೊತ್ತಿರಲಿಲ್ಲವಲ್ಲ. ಗೊತ್ತಿಲ್ಲದ್ದಕ್ಕೆ ಮಗನನ್ನು ಎಷ್ಟು ದಿನ ದೂರುತ್ತೀರಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಮುಂದಿನ ಇಂಜೆಕ್ಷನ್ನಿಗೆ ಮಾತ್ರ ಜೊತೆಗೆ ಹೋದರು.

ತಡೆಯುವ ಬಗ್ಗೆ ಇಬ್ಬರಿಗೂ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ಯಾವ ಆಪರೇಷನ್ ಇದ್ದರೂ "ನನಗೆ ಕೆಲಾಯ್ಡ್ ಬರುತ್ತದೆ" ಅಂತ ಮೊದಲೇ ಹೇಳಬೇಕು. ಆಗ ಕುಯ್ಯುವ ದಿಕ್ಕು, ಹೊಲಿಗೆ, ಆಮೇಲಿನ ಆರೈಕೆ ಎಲ್ಲವನ್ನೂ ಡಾಕ್ಟರು ಅದಕ್ಕೆ ತಕ್ಕಂತೆ ಯೋಚಿಸಬಹುದು. ಚರ್ಮವನ್ನು ಎಳೆಯುವ ಬಿಗಿತ ಕೆಲಾಯ್ಡಿಗೆ ಗೊಬ್ಬರವಿದ್ದ ಹಾಗೆ. ಎದೆ, ಭುಜದ ಮೊಡವೆಗಳನ್ನು ಹಿಸುಕದೆ ಬೇಗ ಚಿಕಿತ್ಸೆ ಮಾಡಿಸಬೇಕು. ಗಾಯ ಪೂರ್ತಿ ಮುಚ್ಚಿದ ಮೇಲೆ, ಮೊದಲಲ್ಲ, ಸಿಲಿಕೋನ್ ಜೆಲ್ ಅಥವಾ ಹಾಳೆ ಹಾಕಬಹುದು. ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಕನಿಷ್ಠ ಎರಡು ಮೂರು ತಿಂಗಳು. ನೆನಪಾದಾಗ ಹಚ್ಚಿದರೆ ಪ್ರಯೋಜನವಿಲ್ಲ. ಕಿವಿಯ ಗಟ್ಟಿ ಭಾಗದಲ್ಲಿ ಕೀವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಡಾಕ್ಟರನ್ನು ನೋಡಬೇಕು, ಅಲ್ಲಿ ಸೋಂಕು ಕಿವಿಯ ಆಕಾರವನ್ನೇ ಕೆಡಿಸಬಲ್ಲದು. ಗಂಟಿಗೆ ದಾರ ಬಿಗಿಯುವುದು, ಆಸಿಡ್ ಹಚ್ಚುವುದು, ಬ್ಲೇಡು ಮುಟ್ಟಿಸುವುದು ಬೇಡವೇ ಬೇಡ.

ಈಗ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಆ ಜಾಗದಲ್ಲಿ ಬಿಳಿಚಿದ, ತೆಳ್ಳನೆಯ ಒಂದು ಗೆರೆ ಇದೆ. ಗೆರೆಯ ಒಂದು ತುದಿ ಎರಡು ತಿಂಗಳಿಂದ ಸ್ವಲ್ಪ ಉಬ್ಬಿದೆ ಅಂತ ಅವನೇ ಫೋಟೋ ಹೋಲಿಸಿ ಕಂಡುಹಿಡಿದು, ನನಗಿಂತ ಮೊದಲು ಡಾಕ್ಟರಿಗೆ ತೋರಿಸಿದ. ಇನ್ನೊಂದು ಇಂಜೆಕ್ಷನ್ ಆಯಿತು. ಇನ್ನೂ ಬೇಕಾಗಬಹುದು.

ಹೋದ ವಾರ ಅಪ್ಪನ ಫೋನ್ ಬಂತು. ಪಿತ್ತಕೋಶದ ಆಪರೇಷನ್ ಇದೆಯಂತೆ. "ಭುಜದ್ದನ್ನ ಸರ್ಜನ್‌ಗೆ ಮೊದ್ಲೇ ತೋರಿಸು ಅಂತ ಇವನು ಎರಡು ದಿನದಿಂದ ಪ್ರಾಣ ತಿಂತಿದ್ದಾನೆ. ತೋರಿಸ್ಬೇಕಾ ಮೇಡಂ?"

"ತೋರಿಸಿ" ಅಂದೆ.